ಸೂಲಗಿತ್ತಿಯರು ಬರೆಯಲು ಕೂತಾಗ

ಹದಿನೈದು ವರ್ಷಗಳ ಹಿಂದೆ ನಾನೊಂದು ಪೇಪರು ಬರೆದೆ. ನರ್ಸಿಂಗ್ ಮತ್ತು ಮಿಡ್‌ವೈಫರಿ ಜರ್ನಲ್ಲಿಗೆ ಕಳಿಸುವಂಥ ಸಂಶೋಧನಾ ಪೇಪರು. ಅಷ್ಟು ಹೊತ್ತಿಗೆ ನಾನು ಲೇಬರ್ ರೂಮಿನ ಕೆಲಸ ಬಿಟ್ಟು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಲು ಶುರು ಮಾಡಿ ಬಹಳ ಕಾಲವಾಗಿತ್ತು. ಮಕ್ಕಳಿಗೆ ಸಂಶೋಧನಾ ವಿಧಾನದ ಪಾಠ ಹೇಳುತ್ತಿದ್ದೆನೇ ಹೊರತು ನಾನೇ ಒಂದು ಪೇಪರು ಪ್ರಕಟಿಸಿರಲಿಲ್ಲ. ಅಡುಗೆ ಮಾಡದೆ ಅಡುಗೆ ಪುಸ್ತಕ ಓದಿ ಹೇಳುವವಳ ಸ್ಥಿತಿ ನನ್ನದು.

ಪೇಪರಿನ ವಿಷಯ ಸಿಕ್ಕಿದ್ದು ಒಬ್ಬ ಆಯಾಳಿಂದ. ಮಕ್ಕಳನ್ನು ಪ್ರಾಕ್ಟಿಕಲ್ಸಿಗೆ ಕರೆದುಕೊಂಡು ಹೋಗುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಆಕೆ ಇಪ್ಪತ್ತು ವರ್ಷಗಳಿಂದ ಲೇಬರ್ ರೂಮು ತೊಳೆಯುತ್ತಿದ್ದಳು. ಆಕೆಯ ಅಜ್ಜಿ ಊರಿನಲ್ಲಿ ಸೂಲಗಿತ್ತಿ. ಒಂದು ದಿನ ಚೊಚ್ಚಲ ಹೆರಿಗೆಯ ಹುಡುಗಿಯೊಬ್ಬಳಿಗೆ ಹೊಲಿಗೆ ಹಾಕುತ್ತಿದ್ದಾಗ ಬಕೆಟ್ ಹಿಡಿದು ನಿಂತಿದ್ದವಳು, “ಏನ್ ಸಿಸ್ಟರ್ರೇ, ನಮ್ಮಜ್ಜಿ ಕೂಯ್ದೇನೇ ಹೆರಿಗೆ ಮಾಡ್ಸೋಳು. ಇಲ್ಲಿ ಬಂದೋರ್ಗೆಲ್ಲ ಯಾಕ್ ಕೂಯ್ತೀರಾ?” ಅಂದಳು. ಮಗುವಿನ ತಲೆ ಹೊರಬರಲು ದಾರಿ ಅಗಲವಾಗಲಿ ಎಂದು ಹಾಕುವ ಆ ಸೀಳಿಗೆ ಎಪಿಸಿಯಾಟಮಿ ಅನ್ನುತ್ತಾರೆ. ನಾನು ಪಠ್ಯಪುಸ್ತಕದ ಉತ್ತರ ಕೊಟ್ಟೆ. ಆಕೆ ತಲೆಯಾಡಿಸಿ ಬಕೆಟ್ ಎತ್ತಿಕೊಂಡು ಹೋದಳು. ಉತ್ತರ ಆಕೆಗೆ ಸಾಕಾಗಿರಲಿಲ್ಲ. ನನಗೂ ಸಾಕಾಗಿರಲಿಲ್ಲ ಎಂದು ಗೊತ್ತಾಗಿದ್ದು ಆ ರಾತ್ರಿ.

ಹಾಗೆ ರಿಜಿಸ್ಟರ್ ಹಿಡಿದು ಕೂತೆ. ಯಾರಿಗೆಲ್ಲ ಕೊಯ್ದಿದ್ದಾರೆ, ಯಾರ ಹೊಲಿಗೆ ಕೀವಾಯಿತು, ಯಾರು ತಿರುಗಿ ಬಂದರು, ಎಲ್ಲವನ್ನೂ ಬರೆದುಕೊಂಡೆ. ಕೆಲವರ ಮನೆಗೂ ಹೋಗಿ ಮಾತಾಡಿಸಿದೆ. ಪೇಪರು ಬರೆದು, ದೊಡ್ಡ ಕೋಷ್ಟಕವೊಂದನ್ನು ಸೇರಿಸಿ ಕಳಿಸಿದೆ. ನಾಲ್ಕು ತಿಂಗಳಿಗೆ ಅದು ವಾಪಸು ಬಂತು. ಯಾಕೆ ಬಂತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಆ ಪೇಪರು ವಾಪಸು ಬಂದ ಸಿಟ್ಟಿನಲ್ಲಿಯೇ ನಾನು ಹಳೆಯ ಕಥೆಗಳನ್ನು ಹುಡುಕಲು ಹೊರಟಿದ್ದು. ನನಗಿಂತ ಮೊದಲು ಹೆರಿಗೆ ಮಾಡಿಸುವ ಹೆಂಗಸರು ಬರೆದಾಗ, ಅಥವಾ ಅವರ ಬಗ್ಗೆ ಬೇರೆಯವರು ಬರೆದಾಗ, ಏನೇನಾಯಿತು ಎಂದು ತಿಳಿಯಬೇಕಿತ್ತು.

ಮೊದಲು ಸಿಕ್ಕವಳು ಯುಸ್ಟಿನ ಸೀಗೆಮುಂಡ್. 1636ರಲ್ಲಿ ಸೈಲೀಸಿಯ ಎಂಬಲ್ಲಿ, ಎಂದರೆ ಇಂದಿನ ಪೋಲೆಂಡಿನ ಒಂದು ಹಳ್ಳಿಯಲ್ಲಿ, ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದವಳು. ಇಪ್ಪತ್ತರ ಆಸುಪಾಸಿನಲ್ಲಿ ಸೂಲಗಿತ್ತಿಯರು ಅವಳು ಬಸುರಿ ಎಂದು ತಪ್ಪಾಗಿ ಹೇಳಿ, ಇಲ್ಲದ ಹೆರಿಗೆಗಾಗಿ ಅವಳನ್ನು ನೋಯಿಸಿದರು. ಅವಳಿಗಿದ್ದದ್ದು ಗರ್ಭಕೋಶದ ತೊಂದರೆ. ತನಗಾದದ್ದು ಇನ್ನೊಬ್ಬಳಿಗೆ ಆಗಬಾರದೆಂದು ಅವಳು ಪುಸ್ತಕ ಹಿಡಿದಳು. ಬಡ ರೈತ ಹೆಂಗಸರ ಹೆರಿಗೆಗಳಿಂದ ಆರಂಭಿಸಿ, ಲೀಗ್ನಿಟ್ಸ್ ಪಟ್ಟಣದ ಸೂಲಗಿತ್ತಿಯಾಗಿ, ಕೊನೆಗೆ ಬರ್ಲಿನ್ನಿನ ರಾಜಮನೆತನದ ಸೂಲಗಿತ್ತಿಯಾದಳು. ಅವಳು ಸ್ವತಃ ಹೆತ್ತವಳಲ್ಲ. ಸತ್ತಾಗ ಅಂತ್ಯಕ್ರಿಯೆಯಲ್ಲಿ ಮಾತಾಡಿದ ಪಾದ್ರಿ, ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು 6,199 ಎಂದು ಲೆಕ್ಕ ಕೊಟ್ಟರಂತೆ.

ಅವಳು ಬರೆದ ಪುಸ್ತಕ 1690ರಲ್ಲಿ ಅಚ್ಚಾಯಿತು. ಜರ್ಮನ್ ಭಾಷೆಯಲ್ಲಿ ಹೆಂಗಸೊಬ್ಬಳು ಬರೆದ ಮೊದಲ ಹೆರಿಗೆ ಶಾಸ್ತ್ರದ ಪುಸ್ತಕ ಅದು. ಇಬ್ಬರು ಹೆಂಗಸರ ಮಾತುಕತೆಯಂತೆ ಬರೆದದ್ದು. ಒಬ್ಬಳು ಯುಸ್ಟಿನ, ಇನ್ನೊಬ್ಬಳು ಪ್ರಶ್ನೆ ಕೇಳುವ ಶಿಷ್ಯೆ ಕ್ರಿಸ್ಟಿನ. ಮಗು ಅಡ್ಡ ಬಿದ್ದಾಗ ಎರಡು ಕೈಯಿಂದ ಹೇಗೆ ತಿರುಗಿಸಬೇಕು ಎನ್ನುವುದನ್ನು ಚಿತ್ರಗಳ ಸಮೇತ ವಿವರಿಸಿದ್ದಾಳೆ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಅಚ್ಚಿಗೆ ಹಾಕುವ ಮುನ್ನ, 1689ರಲ್ಲಿ, ಅವಳು ಹಸ್ತಪ್ರತಿಯನ್ನು ಓಡರ್ ನದಿಯ ದಂಡೆಯ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ವೈದ್ಯ ಪಂಡಿತರಿಗೆ ಕಳಿಸಿದಳು. ಅವರಲ್ಲಿ ಯಾರೂ ಅವಳಷ್ಟು ಹೆರಿಗೆ ಮಾಡಿಸಿದವರಾಗಿರಲಾರರು. ಆದರೂ ಅವರ ಮೊಹರು ಬೇಕಿತ್ತು. ಅವರು ಓದಿ ಒಪ್ಪಿಗೆ ಕೊಟ್ಟರು. ಇಂದು ನಾವು ರಿವ್ಯೂ ಅನ್ನುತ್ತೇವಲ್ಲ, ಅದರ ದೂರದ ಅಜ್ಜಿ ಇದು. ಅಷ್ಟಾದರೂ ಲೈಪ್‌ಜಿಗ್‌ನ ಪ್ರೊಫೆಸರ್ ಒಬ್ಬ ಅವಳ ವಿಧಾನಗಳು ಅಪಾಯಕಾರಿ ಎಂದು ದೂರಿದ. ಅವಳು ಸುಮ್ಮನಿರಲಿಲ್ಲ, ಉತ್ತರ ಕೊಟ್ಟಳು. ಪೇಪರು ವಾಪಸು ಬಂದ ಸಿಟ್ಟಿನಲ್ಲಿದ್ದ ನನಗೆ ಈ ಹೆಂಗಸು ಬಹಳ ಇಷ್ಟವಾದಳು.

ಎರಡನೆಯ ಕಥೆ ಅಷ್ಟು ಸುಲಭವಾಗಿ ಇಷ್ಟವಾಗುವಂಥದ್ದಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ 1789ರ ಕೊನೆಯಲ್ಲಿ ಬಾಣಂತಿ ಜ್ವರ ಕಾಣಿಸಿಕೊಂಡಿತು. ನಮ್ಮ ಕಡೆ ಬಾಣಂತಿ ಸನ್ನಿ ಎಂಬ ಹೆಸರು ಕೇಳಿದರೇ ಮನೆ ನಡುಗುತ್ತಿತ್ತಲ್ಲ, ಅಂಥದ್ದೇ ಕಾಯಿಲೆ. ಅಲ್ಲಿ ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯನಿದ್ದ. ಕಾಯಿಲೆ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಉಳಿದವರು ಹೇಳುತ್ತಿದ್ದಾಗ, ಇವನು ಒಂದು ಪಟ್ಟಿ ಮಾಡಿದ. ಜ್ವರ ಬಂದ 77 ಹೆಂಗಸರ ಹೆಸರು, ವಯಸ್ಸು, ವಾಸ, ಮತ್ತು ಕೊನೆಯ ಕಾಲಮ್ಮಿನಲ್ಲಿ ಯಾರು ಹೆರಿಗೆ ಮಾಡಿಸಿದರು ಎನ್ನುವುದು. ಪಟ್ಟಿ ಬೆಳೆದಂತೆ ಸಂಗತಿ ತಾನಾಗಿಯೇ ಕಣ್ಣಿಗೆ ಬಿತ್ತು. ಕೆಲವೇ ಸೂಲಗಿತ್ತಿಯರು ಹೋದ ಮನೆಗಳಲ್ಲಿ ಜ್ವರ ಬರುತ್ತಿತ್ತು. ಸೂಲಗಿತ್ತಿ ಯಾರೆಂದು ಹೇಳಿದರೆ ಸಾಕು, ಬಾಣಂತಿಗೆ ಜ್ವರ ಬರುತ್ತದೋ ಇಲ್ಲವೋ ಎಂದು ತಾನು ಮೊದಲೇ ಹೇಳಬಲ್ಲೆ ಎನ್ನುವ ಹಂತಕ್ಕೆ ಅವನು ಬಂದ. ತನ್ನ ಕೈಯಿಂದಲೂ ಅನೇಕರಿಗೆ ಸೋಂಕು ತಗುಲಿದೆ ಎಂದು ಬರೆದುಕೊಂಡ. ಬಾಣಂತಿಯ ಬಟ್ಟೆ ಸುಡಬೇಕು ಇಲ್ಲವೇ ಹೊಗೆ ಹಾಕಬೇಕು, ಆರೈಕೆ ಮಾಡುವವರು ಚೆನ್ನಾಗಿ ತೊಳೆದುಕೊಳ್ಳಬೇಕು ಎಂದ. ಕ್ರಿಮಿಗಳ ಸಿದ್ಧಾಂತ ಬರಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಿತ್ತು.

1795ರಲ್ಲಿ ಗಾರ್ಡನ್ ಇದನ್ನು ಪುಸ್ತಕವಾಗಿ ಪ್ರಕಟಿಸಿದ. ಸೂಲಗಿತ್ತಿಯರ ಹೆಸರುಗಳ ಸಮೇತ. ಊರು ಅವನ ಮೇಲೆ ತಿರುಗಿಬಿತ್ತು. ಕೊನೆಗೆ ಅವನು ಊರು ಬಿಟ್ಟು, ಹಿಂದೆ ಕೆಲಸ ಮಾಡಿದ್ದ ನೌಕಾಪಡೆಗೇ ಮರಳಿದ. 1799ರಲ್ಲಿ ತೀರಿಕೊಂಡ.

ಈ ಕಥೆಯನ್ನು ಸಾಮಾನ್ಯವಾಗಿ ಸತ್ಯ ಹೇಳಿದವನಿಗೆ ಶಿಕ್ಷೆಯಾದ ಕಥೆಯೆಂದು ಹೇಳುತ್ತಾರೆ. ಅದು ನಿಜವೇ. ಆದರೆ ಒಬ್ಬ ಮಿಡ್‌ವೈಫ್ ಆಗಿ ಓದಿದಾಗ ನನಗೆ ಆ ಕೊನೆಯ ಕಾಲಮ್ಮಿನ ಹೆಂಗಸರು ಕಾಣುತ್ತಾರೆ. ತಮ್ಮ ಕೈಯಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಜೀವಮಾನದಲ್ಲಿ ಎಷ್ಟು ಮಕ್ಕಳನ್ನು ಉಳಿಸಿದರೋ ಯಾರೂ ಬರೆದಿಡಲಿಲ್ಲ. ಇತಿಹಾಸದಲ್ಲಿ ಅವರ ಹೆಸರು ಉಳಿದದ್ದು ಜ್ವರ ಹರಡಿದವರು ಎಂದು ಮಾತ್ರ. ಪಟ್ಟಿ ಬೇಕಿತ್ತು, ಪಟ್ಟಿಯಿಂದಲೇ ಸತ್ಯ ಗೊತ್ತಾಗಿದ್ದು. ಅಚ್ಚಿನಲ್ಲಿ ಹೆಸರು ಬೇಕಿತ್ತೇ?

ಇನ್ನು ಮೂರನೆಯ ಕಥೆ, ಎಲ್ಲಿ ಪ್ರಕಟಿಸಬೇಕು, ಯಾವಾಗ ಪ್ರಕಟಿಸಬೇಕು ಎನ್ನುವುದಕ್ಕೆ ಸಂಬಂಧಿಸಿದ್ದು. ಅಮೆರಿಕದ ಬಾಸ್ಟನ್ನಿನಲ್ಲಿ 1843ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಎಂಬ ವೈದ್ಯ, ಬಾಣಂತಿ ಜ್ವರ ವೈದ್ಯರ ಮತ್ತು ಸೂಲಗಿತ್ತಿಯರ ಮೂಲಕವೇ ಹರಡುತ್ತದೆ ಎಂದು ಪ್ರಬಂಧ ಓದಿದ. ಗಾರ್ಡನ್ನನ ಕೆಲಸವನ್ನೂ ನೆನೆದ. ಪ್ರಬಂಧ ಅಚ್ಚಾಗಿದ್ದು ಹೊಸದಾಗಿ ಶುರುವಾಗಿದ್ದ ಒಂದು ತ್ರೈಮಾಸಿಕದಲ್ಲಿ. ಆ ಪತ್ರಿಕೆ ಒಂದೇ ವರ್ಷಕ್ಕೆ ನಿಂತುಹೋಯಿತು. ಓದಿದವರು ಕೆಲವೇ ಮಂದಿ. ಹೋಮ್ಸ್ ಅದನ್ನು 1855ರಲ್ಲಿ ಮತ್ತೆ ಅಚ್ಚು ಹಾಕಿಸಬೇಕಾಯಿತು. ನನ್ನ ವಿದ್ಯಾರ್ಥಿನಿಯರು ಯಾವುದೋ ಮಿಂಚಂಚೆ ನೋಡಿ, “ಮೇಡಂ, ಇವರು ಒಂದು ವಾರದಲ್ಲಿ ಪಬ್ಲಿಶ್ ಮಾಡ್ತಾರಂತೆ, ದುಡ್ಡು ಕಟ್ಟಿದ್ರೆ ಆಯ್ತು” ಎಂದಾಗೆಲ್ಲ ನಾನು ಈ ಕಥೆ ಹೇಳುತ್ತೇನೆ. ಹೋಮ್ಸನ ಪತ್ರಿಕೆ ಪ್ರಾಮಾಣಿಕವಾಗಿತ್ತು, ಬದುಕಲಿಲ್ಲ ಅಷ್ಟೇ. ವಾರದಲ್ಲಿ ಪ್ರಕಟಿಸುವವರು ಪ್ರಾಮಾಣಿಕರೂ ಅಲ್ಲ. ಎರಡು ಕಡೆಯೂ ನಷ್ಟ ಓದುಗರಿಗೆ, ಅವರ ಹಿಂದೆ ಲೇಬರ್ ರೂಮಿನಲ್ಲಿ ಮಲಗಿರುವ ಹೆಂಗಸಿಗೆ.

ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಇದ್ದ. ಅವನ ಕಥೆ ಎಲ್ಲರಿಗೂ ಗೊತ್ತು. ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಮಿಡ್‌ವೈಫ್ ವಿದ್ಯಾರ್ಥಿನಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ತಾಯಂದಿರು ಸತ್ತರೆ, ಎರಡನೆಯದರಲ್ಲಿ ಮೂವರಿಗಿಂತ ಕಡಿಮೆ. ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿದ ಮೇಲೆ ಸಾವು ಇಳಿಯಿತು.

ಆದರೆ ಸೆಮ್ಮೆಲ್‌ವೈಸ್ ಬರೆಯಲಿಲ್ಲ. ಅವನ ಸ್ನೇಹಿತರು ಪತ್ರಿಕೆಯಲ್ಲಿ ಟಿಪ್ಪಣಿ ಹಾಕಿದರು. ಅವನೇ ಬರೆದ ಪೂರ್ಣ ಪುಸ್ತಕ ಬಂದದ್ದು 1861ರಲ್ಲಿ, ಹದಿನಾಲ್ಕು ವರ್ಷ ತಡವಾಗಿ. ಅಷ್ಟು ಹೊತ್ತಿಗೆ ಅವನ ಬರಹದಲ್ಲಿ ಲೆಕ್ಕದಷ್ಟೇ ಸಿಟ್ಟೂ ತುಂಬಿತ್ತು. ಒಪ್ಪದವರಿಗೆ ಬಹಿರಂಗ ಪತ್ರ ಬರೆದು ಕೊಲೆಗಾರರೆಂದು ಬೈದ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಸಿಟ್ಟಿಗೆ ಕಾರಣವಿತ್ತು. ಆದರೆ ಹದಿನಾಲ್ಕು ವರ್ಷ ಬೇರೆ ಊರುಗಳಲ್ಲಿ ಸತ್ತ ಬಾಣಂತಿಯರ ಲೆಕ್ಕ ಯಾರು ಕೊಡಬೇಕು?

ಈ ಪ್ರಸಿದ್ಧ ಕಥೆಯಲ್ಲಿ ನಾವು ಗಮನಿಸದ ಒಂದು ಸಂಗತಿಯಿದೆ. ಸೆಮ್ಮೆಲ್‌ವೈಸನ ಸಾಕ್ಷ್ಯದ ಅರ್ಧ ಪಾಲು ಎರಡನೆಯ ವಿಭಾಗದ್ದು. ಅಲ್ಲಿ ಕಲಿಯುತ್ತಿದ್ದ ಮಿಡ್‌ವೈಫ್ ವಿದ್ಯಾರ್ಥಿನಿಯರು ಇಲ್ಲದಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಆ ಹುಡುಗಿಯರ ಹೆಸರು ನಮ್ಮ ಯಾವ ಪಾಠದಲ್ಲೂ ಬರುವುದಿಲ್ಲ. ಅಬರ್ಡೀನಿನಲ್ಲಿ ತಪ್ಪಾದಾಗ ಸೂಲಗಿತ್ತಿಯ ಹೆಸರು ಅಚ್ಚಾಯಿತು. ವಿಯೆನ್ನಾದಲ್ಲಿ ಸರಿಯಾದಾಗ ಅವಳು ಬರೀ ಶೇಕಡಾವಾರು ಅಂಕಿಯಾದಳು.

ಇದು ತಿರುಗಲು ಬಹಳ ಕಾಲ ಬೇಕಾಯಿತು. ನರ್ಸುಗಳದ್ದೇ ಪತ್ರಿಕೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಶುರುವಾದವು. ನಮ್ಮಲ್ಲಿ 1908ರಲ್ಲಿ ಹುಟ್ಟಿದ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ, 1910ರಿಂದ ‘ದಿ ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ’ವನ್ನು ಹೊರತಂದಿತು. ಸಂಶೋಧನೆಗೆಂದೇ ಮೀಸಲಾದ ‘ನರ್ಸಿಂಗ್ ರಿಸರ್ಚ್’ ಅಮೆರಿಕದಲ್ಲಿ 1952ರಲ್ಲಿ ಬಂತು, ‘ಮಿಡ್‌ವೈಫರಿ’ ಎಂಬ ಜರ್ನಲ್ 1985ರಲ್ಲಿ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಆ ಎಂಬತ್ತರ ದಶಕದಲ್ಲೇ. 1980ರಲ್ಲಿ ಮೋನಾ ರಾಮ್ನಿ ಎಂಬ ಇಂಗ್ಲಿಷ್ ಮಿಡ್‌ವೈಫ್, ಹೆರಿಗೆಗೆ ಮುನ್ನ ಬ್ಲೇಡಿನಿಂದ ಕೂದಲು ತೆಗೆಯುವುದರಿಂದ ಉಪಯೋಗವಿದೆಯೇ ಎಂದು ಪರೀಕ್ಷಿಸಿ ಬರೆದಳು. ಉಪಯೋಗ ಕಾಣಲಿಲ್ಲ. ಮರುವರ್ಷ ಎನಿಮಾದ ಬಗ್ಗೆ ಅದೇ ಪ್ರಶ್ನೆ ಕೇಳಿ, ವೈದ್ಯರೊಬ್ಬರ ಜೊತೆ ಸೇರಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದಳು. 1984ರಲ್ಲಿ ಅದೇ ಜರ್ನಲ್ಲಿನಲ್ಲಿ ಇನ್ನೊಂದು ಪೇಪರು ಬಂತು. ಮೊದಲ ಹೆಸರು ಜೆನಿಫರ್ ಸ್ಲೀಪ್, ಮಿಡ್‌ವೈಫ್. ಇಂಗ್ಲೆಂಡಿನ ವೆಸ್ಟ್ ಬರ್ಕ್‌ಶೈರಿನಲ್ಲಿ 1,000 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮಗುವಿಗೆ ಅಪಾಯವಿದ್ದರೆ ಮಾತ್ರ ಕೊಯ್ಯುವುದು, ಇನ್ನೊಂದರಲ್ಲಿ ಹರಿಯಬಹುದು ಎನಿಸಿದರೂ ಕೊಯ್ಯುವುದು. ಮೊದಲ ಗುಂಪಿನಲ್ಲಿ ನೂರಕ್ಕೆ 10 ಜನರಿಗೆ, ಎರಡನೆಯದರಲ್ಲಿ 51 ಜನರಿಗೆ ಸೀಳು ಬಿತ್ತು. ಆಮೇಲೆ ನೋಡಿದರೆ, ತಾಯಂದಿರ ನೋವಿನಲ್ಲಾಗಲೀ ಮಕ್ಕಳ ಸ್ಥಿತಿಯಲ್ಲಾಗಲೀ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೆಚ್ಚು ಕೊಯ್ದದ್ದರಿಂದ ಲಾಭವಾಗಿರಲಿಲ್ಲ. ಆಯಾ ಕೇಳಿದ ಪ್ರಶ್ನೆಯನ್ನೇ ಒಬ್ಬ ಮಿಡ್‌ವೈಫ್ ಕೇಳಿ, ಅಳೆದು, ಬರೆದು, ದೊಡ್ಡ ಜರ್ನಲ್ಲಿನ ಬಾಗಿಲು ದಾಟಿಸಿದ್ದಳು.

1984ರಲ್ಲಿ ನಾನು ವಿದ್ಯಾರ್ಥಿನಿ. ನನ್ನ ಕೈಯಲ್ಲಿ ಬ್ಲೇಡು ಇರುತ್ತಿತ್ತು. ನೋವಿನಿಂದ ಒದ್ದಾಡುವ ಹೆಂಗಸನ್ನು “ಅಲ್ಲಾಡಬೇಡಮ್ಮಾ” ಎಂದು ಗದರಿಸಿ ಶೇವ್ ಮಾಡಿ, ಎನಿಮಾ ಕೊಟ್ಟು, ನಡುಗುತ್ತಾ ಬಚ್ಚಲಿಗೆ ಓಡುವವಳ ಹಿಂದೆ ಓಡುತ್ತಿದ್ದೆ. ಅದು ನಿಯಮ, ಮಾಡದಿದ್ದರೆ ಬೈಗುಳ. ಆ ಪೇಪರುಗಳು ನಮ್ಮ ಲೈಬ್ರರಿಗೆ ಬರಲಿಲ್ಲ, ಬಂದಿದ್ದರೂ ನಮಗೆ ಯಾರೂ ಕೊಡುತ್ತಿರಲಿಲ್ಲ. ಎಷ್ಟೋ ವರ್ಷ ನಾನು ಅದನ್ನೇ ಮಾಡಿದೆ, ಅದನ್ನೇ ಕಲಿಸಿದೆ. ಎಲ್ಲರಿಗೂ ಕೂದಲು ತೆಗೆಯುವುದು, ಎನಿಮಾ ಕೊಡುವುದು, ವಾಡಿಕೆಯಾಗಿ ಕೊಯ್ಯುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯಲ್ಲಿದೆ. ಅದನ್ನು ಓದಿದ ದಿನ ನನಗೆ ನೆನಪಾದದ್ದು ಅಂಕಿಗಳಲ್ಲ, ಕೆಲವು ಮುಖಗಳು.

ಈಗ ನನ್ನ ಪೇಪರಿಗೆ ಬರುತ್ತೇನೆ. ಒಳ್ಳೆಯ ಜರ್ನಲ್ಲಿಗೆ ಕಳಿಸುವಾಗ ಲೇಖಕರ ಹೆಸರಿರುವ ಪುಟವನ್ನು ಬೇರೆ ಇಡಬೇಕು. ರಿವ್ಯೂ ಮಾಡುವವರಿಗೆ ಬರೆದವರು ಯಾರೆಂದು ಗೊತ್ತಾಗಬಾರದು, ಬರೆದವರಿಗೂ ಅವರು ಯಾರೆಂದು ಗೊತ್ತಾಗುವುದಿಲ್ಲ. ಅದನ್ನೆಲ್ಲ ನಾನು ಅಚ್ಚುಕಟ್ಟಾಗಿ ಮಾಡಿದ್ದೆ. ನನ್ನ ಹೆಸರನ್ನು ಮರೆಸಿಟ್ಟಿದ್ದೆ. ಆದರೆ ಕೋಷ್ಟಕದಲ್ಲಿ ಆ ಹೆಂಗಸರ ವಯಸ್ಸು, ಊರು, ಹೆಸರಿನ ಮೊದಲ ಅಕ್ಷರ, ಹೆರಿಗೆಯ ತಾರೀಕು, ಆಮೇಲಾದ ತೊಂದರೆ ಎಲ್ಲವನ್ನೂ ಸಾಲಾಗಿ ಹಾಕಿದ್ದೆ. ಎಷ್ಟು ವಿವರ ಕೊಟ್ಟರೆ ಅಷ್ಟು ಪ್ರಾಮಾಣಿಕ ಎಂದುಕೊಂಡಿದ್ದೆ.

ರಿವ್ಯೂ ಮಾಡಿದವರು ಎರಡು ಮಾತು ಬರೆದಿದ್ದರು. ಒಂದು, ಎಥಿಕ್ಸ್ ಕಮಿಟಿಯ ಅನುಮತಿ ಪತ್ರ ಎಲ್ಲಿ? ಆಸ್ಪತ್ರೆಯ ವೈದ್ಯಾಧಿಕಾರಿಯ ಬಾಯಿಮಾತಿನ ಒಪ್ಪಿಗೆ ಬಿಟ್ಟರೆ ನನ್ನ ಹತ್ತಿರ ಏನೂ ಇರಲಿಲ್ಲ. ಎರಡು, ಈ ಕೋಷ್ಟಕ ನೋಡಿದರೆ ಆ ತಾಲ್ಲೂಕಿನ ಯಾರು ಬೇಕಾದರೂ ಇವರನ್ನು ಗುರುತು ಹಿಡಿಯಬಹುದು, ಇವರನ್ನು ಕೇಳಿದ್ದೀರಾ?

ಕೇಳಿರಲಿಲ್ಲ. ಮನೆಗೆ ಹೋದಾಗ ಕಾಫಿ ಕೊಟ್ಟು ಮಾತಾಡಿದ್ದರು, ಅಷ್ಟೇ. ಸಿಟ್ಟು ಇಳಿದ ಮೇಲೆ ಮತ್ತೆ ಆ ಕೋಷ್ಟಕ ನೋಡಿದೆ. ಹದಿನೇಳನೆಯ ಸಾಲಿನಲ್ಲಿ ಒಬ್ಬ ಹುಡುಗಿಯಿದ್ದಳು. ಹೆರಿಗೆಯಾದಾಗಿನಿಂದ ಕೆಮ್ಮಿದರೆ ಮೂತ್ರ ಹೋಗುತ್ತದೆ ಎಂದು ಹಿತ್ತಲಲ್ಲಿ ನಿಂತು ಪಿಸುದನಿಯಲ್ಲಿ ಹೇಳಿದ್ದಳು. “ಅತ್ತೆಗೆ ಗೊತ್ತಿಲ್ಲ ಅಕ್ಕಾ, ಗಂಡನಿಗೂ ಹೇಳಿಲ್ಲ” ಅಂದಿದ್ದಳು. ಅವಳ ಊರು, ಅವಳ ವಯಸ್ಸು, ಅವಳ ಮಗು ಹುಟ್ಟಿದ ದಿನ, ಅದರ ಮುಂದೆ ಆ ಮಾತು. ನಾನೇ ಟೈಪ್ ಮಾಡಿದ್ದೆ. ಇನ್ನೂರು ವರ್ಷಗಳ ಹಿಂದಿನ ಗಾರ್ಡನ್ನನ ಪಟ್ಟಿಯಲ್ಲಿ ಹೆಸರುಗಳೇಕೆ ಬೇಕಿತ್ತು ಎಂದು ಕೇಳಿದ ನಾನು, ನನ್ನ ಪಟ್ಟಿಯಲ್ಲಿ ಮಾಡಿದ್ದು ಅದನ್ನೇ. ಅವನು ಜ್ವರದ ಮೂಲ ತೋರಿಸಲಾದರೂ ಹೆಸರು ಹಾಕಿದ. ನನಗೆ ಆ ನೆಪವೂ ಇರಲಿಲ್ಲ.

ಮುಗಿದ ಅಧ್ಯಯನಕ್ಕೆ ಹಿಂದಿನ ತಾರೀಕಿನ ಅನುಮತಿ ಸಿಗುವುದಿಲ್ಲ, ಕೇಳಲೂಬಾರದು. ಆ ಪೇಪರನ್ನು ಕಪಾಟಿಗೆ ಹಾಕಿದೆ. ಮೊದಲಿನಿಂದ ಶುರು ಮಾಡಿದೆ. ಕಮಿಟಿಗೆ ಅರ್ಜಿ, ಕನ್ನಡದಲ್ಲಿ ಒಪ್ಪಿಗೆ ಪತ್ರ, ಓದಲು ಬಾರದವರಿಗೆ ಓದಿ ಹೇಳಿ ಸಾಕ್ಷಿಯ ಎದುರು ಹೆಬ್ಬೆಟ್ಟು. ಕೆಲವರು ಬೇಡ ಎಂದರು. ಅವರು ಬೇಡ ಎನ್ನಬಹುದಾಗಿತ್ತು ಎನ್ನುವುದೇ ನನಗೆ ಹೊಸ ಪಾಠ. ಹದಿನೇಳನೆಯ ಸಾಲಿನ ಹುಡುಗಿಯನ್ನು ಹೊಸ ಅಧ್ಯಯನಕ್ಕೆ ಸೇರಿಸಲಿಲ್ಲ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದನ್ನು ಮೊದಲೇ ಮಾಡಬೇಕಿತ್ತು. ಎರಡೂವರೆ ವರ್ಷ ಹಿಡಿಯಿತು. ಕೊನೆಗೆ ಪ್ರಕಟವಾದ ಪೇಪರಿನಲ್ಲಿ ಊರೂ ಇಲ್ಲ, ಅಕ್ಷರವೂ ಇಲ್ಲ. ಬರೀ ಗುಂಪುಗಳು, ಬರೀ ಮೊತ್ತಗಳು.

ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಕೈಗಳು ತಿಳಿದಿದ್ದನ್ನು ಬರಹಕ್ಕೆ ಇಳಿಸಿ ಪರೀಕ್ಷಿಸಲು, ಯುಸ್ಟಿನಳ ಪುಸ್ತಕದ ಕ್ರಿಸ್ಟಿನಳ ಹಾಗೆ ಪಕ್ಕದಲ್ಲಿ ಕೂತು ಒಂದೊಂದೇ ಪ್ರಶ್ನೆ ಕೇಳುವ ಶಿಷ್ಯೆ ಬೇಕಿತ್ತು. ಅಂಥ ಎಷ್ಟೋ ಅಜ್ಜಿಯರು ನಮ್ಮ ಊರುಗಳಲ್ಲಿದ್ದರು. ನಾವು ನರ್ಸುಗಳು ಅವರ ಹತ್ತಿರ ಹೋದದ್ದು ಹೆಚ್ಚಾಗಿ “ನೀವು ಇನ್ನು ಮೇಲೆ ಹೆರಿಗೆ ಮಾಡಿಸಬೇಡಿ” ಎಂದು ಹೇಳಲು.

ಪೇಪರಿನ ಕೊನೆಯಲ್ಲಿ ಕೃತಜ್ಞತೆಗೆ ಮೂರು ಸಾಲು ಜಾಗವಿತ್ತು. ಆಯಾಳ ಹೆಸರು ಹಾಕಬೇಕೆಂದಿದ್ದೆ. ಈ ಬಾರಿ ಮೊದಲು ಕೇಳಿದೆ. “ಹಾಕಿದ್ರೆ ಯಾರಾದ್ರೂ ಬೈತಾರಾ ಸಿಸ್ಟರ್ರೇ?” ಅಂದಳು. ಇಲ್ಲ ಎಂದೆ. ಒಪ್ಪಿ ಹೆಬ್ಬೆಟ್ಟು ಒತ್ತಿದಳು. ಅಚ್ಚಾದ ಮೇಲೆ ಪ್ರತಿ ತೆಗೆದುಕೊಂಡು ಹೋಗಿ, ಇಂಗ್ಲಿಷ್ ಅಕ್ಷರಗಳ ನಡುವೆ ಅವಳ ಹೆಸರಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, “ಇದನ್ನ ಓದಿ ಡಾಕ್ಟ್ರು ಕೂಯ್ಯೋದು ಬಿಡ್ತಾರಾ?” ಎಂದು ಕೇಳಿದಳು.

“ಸ್ವಲ್ಪ ಕಡಿಮೆ ಮಾಡ್ತಾರೆ” ಎಂದೆ. ಅಲ್ಲಿ ನಿಜಕ್ಕೂ ಸ್ವಲ್ಪ ಕಡಿಮೆಯಾಗಿತ್ತು.